ಬೇಲಿ ಎತ್ತರವಾಯಿತು, ಬುಡ ಬೋಳಾಯಿತು

ಮರೆಗೆ ಅಂತ ಗಿಡ ನೆಡಲು ಹೊರಟವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವ ಗಿಡ ಬೇಗ ಎತ್ತರ ಬೆಳೆಯುತ್ತದೆ? ನಾನೂ ಅದನ್ನೇ ಕೇಳಿದ್ದೆ. ಕಾಂಪೌಂಡಿನ ಉದ್ದಕ್ಕೂ ದಾಸವಾಳ ನೆಟ್ಟು, ಕತ್ತರಿ ಮುಟ್ಟಿಸದೆ ಎರಡು ವರ್ಷ ಬಿಟ್ಟೆ. ಬೆಳೆಯಿತು, ಸುಳ್ಳಲ್ಲ. ಆದರೆ ಎಲೆಯೆಲ್ಲ ತಲೆಯ ಮೇಲೆ, ಕೂತರೆ ಕಣ್ಣಿಗೆ ಎದುರಾಗುವ ಕಡೆ ಬರೀ ಕಡ್ಡಿ. ಪಕ್ಕದ ಮನೆಯವರು ಆ ಕಡ್ಡಿಗಳ ಸಂದಿಯಿಂದಲೇ "ಏನು, ಪೇಪರ್ ಓದ್ತಿದ್ದೀರಾ?" ಅಂತ ವಿಚಾರಿಸುತ್ತಿದ್ದರು.

ಅಷ್ಟೆತ್ತರ ಬೇಕೇ ಇರಲಿಲ್ಲ ಅನ್ನೋದು ಗೊತ್ತಾಗಿದ್ದು ಆಮೇಲೆ. ಒಂದು ಲೆಕ್ಕ ಹಾಕಿ ನೋಡಿ. ಎದುರಿನ ಮಹಡಿಯ ಕಿಟಕಿ ನೆಲದಿಂದ 5 ಮೀಟರ್ ಮೇಲಿದೆ, ನಿಮ್ಮ ಕುರ್ಚಿಯಿಂದ 12 ಮೀಟರ್ ದೂರ ಇದೆ. ಕೂತಾಗ ನಿಮ್ಮ ಕಣ್ಣು ಹೆಚ್ಚುಕಮ್ಮಿ 1.2 ಮೀಟರ್ ಎತ್ತರದಲ್ಲಿರುತ್ತದೆ. ಕಿಟಕಿಯಿಂದ ಕಣ್ಣಿನವರೆಗೆ ಒಂದು ದಾರ ಬಿಗಿಯಾಗಿ ಕಟ್ಟಿದ್ದೀರಿ ಅಂದುಕೊಳ್ಳಿ. ನಿಮ್ಮಿಂದ 9 ಮೀಟರ್ ಆಚೆ, ಅಂದರೆ ಗಡಿಯ ಹತ್ತಿರ, ಆ ದಾರ 4 ಮೀಟರಿಗಿಂತ ತುಸು ಮೇಲೆ ಹಾದುಹೋಗುತ್ತದೆ. ಅದೇ ದಾರ ನಿಮ್ಮಿಂದ 3 ಮೀಟರ್ ದೂರದಲ್ಲಿ ಬರೀ 2.15 ಮೀಟರ್ ಎತ್ತರದಲ್ಲಿರುತ್ತದೆ! ಹೆಬ್ಬೆರಳನ್ನು ಕಣ್ಣ ಹತ್ತಿರ ಹಿಡಿದರೆ ಚಂದ್ರನೇ ಮಾಯ, ಅಲ್ವಾ? ಇದೂ ಅದೇ. ಗಿಡದ ಸಾಲು ಗಡಿಯಲ್ಲೇ ಇರಬೇಕು ಅನ್ನೋದು ಬರೀ ಅಭ್ಯಾಸ. ಕೂರುವ ಜಾಗದ ಹತ್ತಿರಕ್ಕೆ ತಂದರೆ ಅರ್ಧ ಎತ್ತರದಲ್ಲೇ ಕೆಲಸ ಮುಗಿಯುತ್ತದೆ, ನಾಲ್ಕೈದು ಗಿಡ ಸಾಕಾಗುತ್ತದೆ, ಏಣಿ ಹತ್ತುವ ಗೋಳೂ ಇಲ್ಲ.

ಗೋಡೆಯ ಹಾಗೆ ಒತ್ತಾಗಿರಬೇಕು ಅಂತಲೂ ಇಲ್ಲ. ಒಂದು ಪದರ ಎಲೆ ನೋಟದ ಅರ್ಧ ಭಾಗ ತಡೆದರೆ, ಅಂಥ ಮೂರು ಪದರ ದಾಟಿ ಬರುವುದು ಎಂಟರಲ್ಲಿ ಒಂದು ಭಾಗ ಮಾತ್ರ. ಆ ಸಣ್ಣ ಸಣ್ಣ ಕಿಂಡಿಗಳಿಂದಲೇ ಗಾಳಿಯೂ ಆಡುತ್ತದೆ. ಗಟ್ಟಿ ಗೋಡೆಗೆ ಬಡಿದ ಗಾಳಿ ಮೇಲೆ ಹಾರಿ ಆಚೆ ಬದಿಯಲ್ಲಿ ಸುಳಿ ಸುತ್ತುತ್ತದೆ, ಎಲೆಗಳ ನಡುವೆ ನುಗ್ಗಿದ್ದು ಮಾತ್ರ ಮೆತ್ತಗಾಗಿ ಹೊರಬರುತ್ತದೆ. ಸದ್ದಿನ ವಿಷಯದಲ್ಲಿ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಒಂದೆರಡು ಅಡಿ ದಪ್ಪದ ಎಲೆಸಾಲು ವಾಹನಗಳ ಗದ್ದಲ ತಡೆಯುವುದು ತೀರಾ ಕಡಿಮೆ.

ಈಗ ಬುಡ ಬೋಳಾದ ಕಥೆಗೆ ಬರೋಣ.

ತುದಿಯ ಕುಡಿ ಇರುವವರೆಗೂ ಕೆಳಗಿನ ಗೆಣ್ಣುಗಳ ಮೊಗ್ಗು ಮಲಗಿಯೇ ಇರುತ್ತವೆ. 1933ರಲ್ಲಿ ಸಸ್ಯವಿಜ್ಞಾನಿಗಳಾದ ಕೆನೆತ್ ಥೀಮನ್ ಮತ್ತು ಫೋಕ್ ಸ್ಕೂಗ್ ಇದನ್ನು ಬ್ರಾಡ್ ಬೀನ್ಸ್ ಗಿಡದಲ್ಲಿ ತೋರಿಸಿದರು. ಕುಡಿ ಕತ್ತರಿಸಿದರೆ ಪಕ್ಕದ ಮೊಗ್ಗು ಏಳುತ್ತದೆ. ಕತ್ತರಿಸಿದ ಜಾಗಕ್ಕೆ ಆಕ್ಸಿನ್ ಎಂಬ ಹಾರ್ಮೋನು ಹಚ್ಚಿದರೆ, ಕುಡಿ ಇನ್ನೂ ಅಲ್ಲೇ ಇದೆಯೇನೋ ಅನ್ನುವಂತೆ ಮೊಗ್ಗು ಮತ್ತೆ ಸುಮ್ಮನಾಗುತ್ತದೆ. ಕುಡಿಯಿಂದ ಇಳಿಯುವ ಆಕ್ಸಿನ್ನೇ ಯಜಮಾನ ಅಂತ ಎಷ್ಟೋ ವರ್ಷ ಪಾಠ ನಡೆಯಿತು. ಆದರೆ ಒಂದು ಅನುಮಾನ ಉಳಿದಿತ್ತು: ಆಕ್ಸಿನ್ ಕಾಂಡದಲ್ಲಿ ನಿಧಾನವಾಗಿ ಇಳಿಯುತ್ತದೆ, ಕುಡಿ ಹೋದ ಸುದ್ದಿ ಅದರ ಮೂಲಕ ತಲುಪುವ ಮೊದಲೇ ದೂರದ ಮೊಗ್ಗು ಎದ್ದುಬಿಟ್ಟಿರುತ್ತದಲ್ಲ, ಅದಕ್ಕೆ ಹೇಳಿದ್ದು ಯಾರು? 2014ರಲ್ಲಿ ಬಟಾಣಿ ಗಿಡದ ಮೇಲೆ ನಡೆದ ಸಂಶೋಧನೆ ಸಕ್ಕರೆಯ ಕಡೆ ಕೈ ತೋರಿಸಿತು. ಬೆಳೆಯುವ ಕುಡಿ ಗಿಡ ತಯಾರಿಸಿದ ಸಕ್ಕರೆಯ ದೊಡ್ಡ ಪಾಲು ಎಳೆದುಕೊಳ್ಳುತ್ತದೆ. ಅದನ್ನು ಚಿವುಟಿದ ಕೂಡಲೇ ಉಳಿದ ಸಕ್ಕರೆ ಪಕ್ಕದ ಮೊಗ್ಗುಗಳಿಗೆ ಹರಿಯುತ್ತದೆ. ಆಕ್ಸಿನ್ನಿನ ಪಾತ್ರ ಇದ್ದೇ ಇದೆ, ಆದರೆ ಮೊದಲು ಎಬ್ಬಿಸುವುದು ಸಕ್ಕರೆ. ಮನೆಯಲ್ಲಿ ದೊಡ್ಡವನು ಎದ್ದು ಹೋದ ಮೇಲೆ ಚಿಕ್ಕವರ ತಟ್ಟೆ ತುಂಬಿದ ಹಾಗೆ.

ಆದ್ದರಿಂದ ಸಸಿ ಮೊಣಕಾಲೆತ್ತರ ಇರುವಾಗಲೇ ಕುಡಿ ಚಿವುಟಬೇಕು. ಮನಸ್ಸು ಒಪ್ಪುವುದಿಲ್ಲ, ಗೊತ್ತು. ಎತ್ತರ ಬೇಕು ಅಂತ ನೆಟ್ಟಿದ್ದನ್ನೇ ಕತ್ತರಿಸುವುದು ಹೇಗೆ? ಆದರೆ ಬುಡದಲ್ಲಿ ಕೊಂಬೆ ಒಡೆಸುವ ಸುಲಭದ ಸಮಯ ಅದೊಂದೇ.

ಇನ್ನೊಂದು ತಪ್ಪು, ಬೇಗ ಮುಚ್ಚಲಿ ಅಂತ ತೀರಾ ಹತ್ತಿರ ಹತ್ತಿರ ನೆಡುವುದು. ಎಲೆ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಸರಿಯಾಗಿ ಕಾಣದ ಕಡುಗೆಂಪಿನ ಹೆಚ್ಚಿನ ಪಾಲನ್ನು, ಅಂದರೆ ಸುಮಾರು 730 ನ್ಯಾನೋಮೀಟರ್ ಬೆಳಕನ್ನು, ಆಚೆ ಬಿಡುತ್ತದೆ, ಇಲ್ಲವೇ ಪ್ರತಿಫಲಿಸುತ್ತದೆ. ಇವೆರಡರ ಪ್ರಮಾಣವನ್ನು ಗಿಡ ಫೈಟೋಕ್ರೋಮ್ ಎಂಬ ಪ್ರೋಟೀನಿನಿಂದ ಅಳೆಯುತ್ತದೆ. ಪಕ್ಕದಿಂದ ಬರುವ ಕಡುಗೆಂಪು ಜಾಸ್ತಿಯಾಯಿತೋ, ನೆರಳು ಬೀಳುವ ಮೊದಲೇ ಗಿಡಕ್ಕೆ ನೆರೆಯವರ ಸುಳಿವು ಸಿಕ್ಕಿತು ಅಂತಲೇ ಅರ್ಥ. ಆಗ ಅದು ಕೊಂಬೆ ಒಡೆಯುವುದು ಬಿಟ್ಟು ಉದ್ದಕ್ಕೆ ಓಡುತ್ತದೆ. ಮರೆ ಬೇಕಾಗಿರುವುದು ನಿಮಗೆ, ಆದರೆ ನೆರೆಯವರ ಕಾಟಕ್ಕೆ ಮೊದಲು ಗಾಬರಿ ಬೀಳುವುದು ಗಿಡವೇ!

ಸವರುವಾಗಲೂ ಬೆಳಕು ನೆನಪಿರಲಿ. ಬುಡ ಅಗಲ, ತಲೆ ಕಿರಿದು. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ, ಯಾಕೆಂದರೆ ಮೇಲ್ಭಾಗ ಜೋರಾಗಿ ಉಬ್ಬುತ್ತದೆ, ಕೈಗೂ ಎಟುಕುವುದಿಲ್ಲ. ಆ ಉಬ್ಬಿದ ತಲೆಯೇ ಕೊಡೆಯಂತೆ ನಿಂತು ಕೆಳಗಿನ ಎಲೆಗಳನ್ನು ಉದುರಿಸುತ್ತದೆ.

ಎತ್ತರದ ಹುಚ್ಚು ಎಲ್ಲಿಗೆ ಮುಟ್ಟುತ್ತದೆ ಅನ್ನುವುದಕ್ಕೆ ಲೇಲ್ಯಾಂಡ್ ಸೈಪ್ರೆಸ್ ಎಂಬ ಮಿಶ್ರತಳಿ ಮರ ಇದೆ. ಉತ್ತರ ಅಮೆರಿಕದ ಪಶ್ಚಿಮ ಭಾಗದ ಎರಡು ಜಾತಿಗಳು, ಮಾಂಟೆರೆ ಸೈಪ್ರೆಸ್ ಮತ್ತು ನೂಟ್ಕಾ ಸೈಪ್ರೆಸ್. ಕಾಡಿನಲ್ಲಿ ಇವುಗಳ ನೆಲೆ ಬೇರೆ ಬೇರೆ, ಭೇಟಿಯೇ ಇಲ್ಲ. ವೇಲ್ಸಿನ ಲೇಟನ್ ಹಾಲ್ ತೋಟದಲ್ಲಿ ಅಕ್ಕಪಕ್ಕ ಬೆಳೆದು ಕೂಡಿದವು, 1888ರಲ್ಲಿ ಮಿಶ್ರತಳಿ ಹುಟ್ಟಿತು. ವರ್ಷಕ್ಕೆ ಹತ್ತಿರ ಹತ್ತಿರ ಒಂದು ಮೀಟರ್ ಏರುವ ಅದನ್ನು ಬ್ರಿಟನ್ನಿನ ಜನ ಮರೆಗೆ ಅಂತ ಮುಗಿಬಿದ್ದು ನೆಟ್ಟರು. ನೆರೆಮನೆಗಳ ಬಿಸಿಲು ಹೋಯಿತು, ಜಗಳಗಳು ಹೆಚ್ಚಾದವು. ಕೊನೆಗೆ ಅಲ್ಲಿ 2003ರಲ್ಲಿ ತಂದ ಸಮಾಜಕಂಟಕ ವರ್ತನೆಯ ಕಾಯ್ದೆಯೊಳಗೇ ಎತ್ತರದ ಬೇಲಿಗೆ ಒಂದು ಭಾಗ ಮೀಸಲಾಯಿತು. 2 ಮೀಟರ್ ಮೀರಿದ ನಿತ್ಯಹಸಿರು ಬೇಲಿ ಬಿಸಿಲಿಗೆ ಅಡ್ಡಿಯಾದರೆ ದೂರು ಕೊಡಬಹುದು.

ಆಮೇಲೆ ಕತ್ತರಿಸೋಣ ಅಂದರೂ ಈ ಜಾತಿಯವು ಕೇಳುವುದಿಲ್ಲ. ಎಲೆಯಿಲ್ಲದ ಹಳೆಯ ಕಂದು ಕೊಂಬೆಯವರೆಗೆ ಕತ್ತರಿ ಹಾಕಿದರೆ ಅಲ್ಲಿ ಮತ್ತೆ ಚಿಗುರು ಬರುವುದಿಲ್ಲ, ಆ ತೂತು ಹಾಗೇ ಉಳಿಯುತ್ತದೆ. ಸೂಚಿಪರ್ಣಿ ಮರಗಳಲ್ಲಿ ಹೆಚ್ಚಿನವು ಹೀಗೇ, ಯೂ ಥರದ ಕೆಲವನ್ನು ಬಿಟ್ಟರೆ. ದಾಸವಾಳ ಅಷ್ಟು ಹಟಮಾರಿ ಅಲ್ಲ. ನನ್ನ ಸಾಲನ್ನು ನೆಲದಿಂದ ಒಂದು ಮೊಳ ಬಿಟ್ಟು ಪೂರ್ತಿ ಕಡಿದೆ. ತಿಂಗಳೊಳಗೆ ಒಂದೊಂದು ಬುಡದಲ್ಲೂ ನಾಲ್ಕೈದು ಚಿಗುರು ಬಂದವು. ಅಲ್ಲಿಯವರೆಗೆ ಪೇಪರ್ ಒಳಗೇ ಓದಿದೆ.