ಪದ ಪರಿಚಯ: ಸ್ವೀಪರ್

ಫುಟ್‌ಬಾಲ್‌ನಲ್ಲಿ ಎದುರಾಳಿ ಫಾರ್ವರ್ಡ್‌ಗಳಿಗೆ ಅಂಟಿಕೊಂಡು ಕಾಯುವ ಸ್ಟಾಪರ್‌ಗಳ ಬೆನ್ನಿಗೆ, ಕೀಪರ್‌ನ ಮುಂದೆ, ಇಂಥವನನ್ನೇ ಹಿಡಿಯಬೇಕೆಂಬ ಹೊಣೆ ಇಲ್ಲದೆ ನಿಲ್ಲುವ ಡಿಫೆಂಡರ್‌ಗೆ ಸ್ವೀಪರ್ ಎನ್ನುತ್ತಾರೆ. ಇಟಲಿಯಲ್ಲಿ ಅವನಿಗೆ ಲಿಬೆರೊ ಎಂದು ಹೆಸರು. ನಮ್ಮ ಕರಾವಳಿಯಲ್ಲಿ ಲಿಬೆರೊ ಎಂದ ಕೂಡಲೇ ನೆನಪಾಗುವುದು ವಾಲಿಬಾಲ್. ಬೇರೆ ಬಣ್ಣದ ಜೆರ್ಸಿ ಹಾಕುವ ಆ ಆಟಗಾರ ಬಂದದ್ದು 1998ರಲ್ಲಿ. ಅವನಿಗೆ ಬ್ಲಾಕ್ ಮಾಡಲಿಕ್ಕೇ ಇಲ್ಲ. ಫುಟ್‌ಬಾಲ್‌ನ ಲಿಬೆರೊ ಮಾತ್ರ ಮನಸ್ಸಾದರೆ ಎದುರಾಳಿಯ ಗೋಲಿನವರೆಗೂ ಹೋಗಬಹುದು.

ಎದುರಾಳಿಗೆ ಇಬ್ಬರು ಫಾರ್ವರ್ಡ್‌ಗಳಿದ್ದರೆ ಇಬ್ಬರು ಸ್ಟಾಪರ್‌ಗಳು ಒಬ್ಬೊಬ್ಬನಿಗೆ ಅಂಟಿಕೊಳ್ಳುತ್ತಾರೆ. ಸ್ವೀಪರ್ ಅವರಿಗಿಂತ 5ರಿಂದ 8 ಗಜ ಹಿಂದೆ. ಸ್ಟಾಪರ್ ಬಲಬದಿಯಲ್ಲಿ ಏಮಾರಿದ ಎಂದುಕೊಳ್ಳಿ. ಹೊಸ ಸ್ವೀಪರ್ ನೇರ ಚೆಂಡಿನ ಮೇಲೆ ಬೀಳುತ್ತಾನೆ. ಅವನೂ ತಪ್ಪಿದರೆ ಮತ್ತೆ ಉಳಿಯುವುದು ಕೀಪರ್ ಒಬ್ಬನೇ. ಪಳಗಿದವನು ಮೊದಲು ಚೆಂಡಿಗೂ ಹತ್ತಿರದ ಗೋಲುಕಂಬಕ್ಕೂ ನಡುವಿನ ಗೆರೆಗೆ ಬರುತ್ತಾನೆ, ಮೈಯನ್ನು ಓರೆ ಮಾಡಿ ಫಾರ್ವರ್ಡ್‌ನನ್ನು ಅಂಚಿನ ಗೆರೆಯ ಕಡೆಗೆ ತಳ್ಳುತ್ತಾನೆ, ಬಿದ್ದ ಸ್ಟಾಪರ್ ಎದ್ದು ಹಿಂದೆ ಬರುವಷ್ಟು ಹೊತ್ತು ಎಳೆಯುತ್ತಾನೆ. ಟ್ಯಾಕಲ್ ಆಮೇಲಿನ ಮಾತು. ಇದರ ನಡುವೆಯೇ ಬಾಯಿಗೂ ಕೆಲಸ: ಯಾರು ಚೆಂಡಿಗೆ ಹೋಗಬೇಕು, ಯಾರು ‘ಬುಡ್ಲ’ (ಬಿಡು) ಎಂದ ಕೂಡಲೇ ಕಾಲು ತೆಗೆಯಬೇಕು. ಕೂಗು ಅರ್ಧ ಸೆಕೆಂಡ್ ತಡವಾದರೆ ಇಬ್ಬರೂ ಒಂದೇ ಚೆಂಡಿಗೆ ಹಾರಿ ತಲೆಗೆ ತಲೆ ಬಡಿಯುತ್ತದೆ.

ಸ್ವೀಪರ್ ಸ್ಟಾಪರ್‌ಗಳಿಂದ 15 ಗಜ ಹಿಂದೆ ಸರಿದರೆ ನಡುವೆ ಖಾಲಿ ಜಾಗ ಬೀಳುತ್ತದೆ. ಎದುರಾಳಿಯ ಮಿಡ್‌ಫೀಲ್ಡರ್ ಅಲ್ಲಿ ಬಂದು ನಿಂತು ನಿಧಾನವಾಗಿ ಗುರಿ ಇಟ್ಟು ಹೊಡೆಯುತ್ತಾನೆ. ಆಫ್‌ಸೈಡ್‌ನದ್ದು ಇದಕ್ಕಿಂತ ದೊಡ್ಡ ತಲೆನೋವು. ಪಾಸ್ ಹೊರಡುವಾಗ ಫಾರ್ವರ್ಡ್ ಗೆರೆ ದಾಟಿ ಗೋಲಿನ ಹತ್ತಿರ ನಿಂತಿದ್ದರೆ ಆಫ್‌ಸೈಡ್; ಆ ಗೆರೆಗೆ ನಿಯಮ ಲೆಕ್ಕ ಹಾಕುವುದು ಕಾಯುವ ತಂಡದ ಕೊನೆಯಿಂದ ಎರಡನೆಯವನನ್ನು. ಸಾಮಾನ್ಯವಾಗಿ ಕೊನೆಯವನು ಕೀಪರ್, ಎರಡನೆಯವನು ಸ್ವೀಪರ್. ಅಂದರೆ ಸ್ವೀಪರ್ ನಿಂತ ಕಡೆಯೇ ಗೆರೆ. ಸ್ಟಾಪರ್‌ಗಳು ಎಷ್ಟೇ ಮುಂದೆ ಓಡಲಿ, ಅವರ ಬೆನ್ನ ಹಿಂದಿನ 8 ಗಜ ಎದುರಾಳಿಗೆ ಪುಕ್ಕಟೆ. ಆಳಿಗೆ ಆಳು ಹಿಡಿದು ಆಡುವ ಕಾಲದಲ್ಲಿ ಇದರಿಂದ ಹೆಚ್ಚು ನಷ್ಟ ಇರಲಿಲ್ಲ. ಜಾಗ ಕಾಯುವ, ಸಾಲಾಗಿ ಮುಂದೆ ಬಂದು ಆಫ್‌ಸೈಡ್‌ಗೆ ಸಿಕ್ಕಿಸುವ ಪದ್ಧತಿಯನ್ನು 1980ರ ದಶಕದ ಕೊನೆಗೆ ಕೋಚ್ ಆರಿಗೊ ಸಾಕಿ ಇಟಲಿಯ ಎ.ಸಿ. ಮಿಲಾನ್ ಕ್ಲಬ್‌ನಲ್ಲಿ ಗೆಲ್ಲಿಸಿ ತೋರಿಸಿದ ಮೇಲೆ, ಹಿಂದೆ ಉಳಿಯುವ ಒಬ್ಬ ಭಾರವಾಗತೊಡಗಿದ.

ಈ ಜಾಗಕ್ಕೆ ಬೇರೆಯೇ ರೂಪ ಕೊಟ್ಟವರು ಜರ್ಮನಿಯ ಫ್ರಾಂಜ್ ಬೆಕೆನ್‌ಬಾವರ್. ಮಿಡ್‌ಫೀಲ್ಡರ್ ಆಗಿ 1966ರ ವಿಶ್ವಕಪ್‌ನಲ್ಲಿ 4 ಗೋಲು ಹೊಡೆದಿದ್ದವರು ಹಿಂದಕ್ಕೆ ಸರಿದರು, ಅಲ್ಲಿಂದಲೇ ಚೆಂಡು ಹಿಡಿದು ಮುಂದೆ ಹೊರಟರು. ಸ್ವೀಪರ್‌ಗೆ ಯಾರನ್ನೂ ಹಿಡಿಯುವ ಕೆಲಸ ಇಲ್ಲದ ಕಾರಣ ಅವನನ್ನೂ ಯಾರೂ ಹಿಡಿದಿರುವುದಿಲ್ಲ, ಉಪಾಯ ಇಷ್ಟೇ. ಆದರೆ ಅವರು ಹೊರಟಾಗ ಹಿಂದೆ ಉಳಿಯಲು ಹ್ಯಾನ್ಸ್-ಜಾರ್ಜ್ ಶ್ವಾರ್ಜೆನ್‌ಬೆಕ್ ಎಂಬ ಸ್ಟಾಪರ್ ಇದ್ದರು. ಬೆಕೆನ್‌ಬಾವರ್ ಹೆಸರು ಹೇಳುವವರು ಇವರನ್ನು ಮರೆಯುವುದು ನ್ಯಾಯ ಅಲ್ಲ. ಇಬ್ಬರೂ ಸೇರಿ ತಮ್ಮ ಕ್ಲಬ್ ಬಯರ್ನ್ ಮ್ಯೂನಿಕ್‌ಗೆ 1974ರಿಂದ 1976ರವರೆಗೆ ಸಾಲಾಗಿ 3 ಯುರೋಪಿಯನ್ ಕಪ್, ಪಶ್ಚಿಮ ಜರ್ಮನಿಗೆ 1974ರ ವಿಶ್ವಕಪ್ ತಂದರು.

ಸ್ವೀಪರ್ ಆಗಿದ್ದವರು ಮ್ಯಾನೇಜರ್ ಆಗುವುದು ಏಕೆ ಸಹಜ ಎಂಬುದಕ್ಕೆ ಕಾರಣ ಅವರು ನಿಲ್ಲುವ ಜಾಗದಲ್ಲೇ ಇದೆ: ಕೀಪರ್ ಬಿಟ್ಟರೆ ಇಡೀ ತಂಡ ಕಣ್ಣ ಮುಂದೆ ಕಾಣುವುದು ಅವನಿಗೆ ಮಾತ್ರ. ಇಂಟರ್ ಮಿಲಾನ್‌ನ ನಾಯಕನಾಗಿ 1964, 1965ರ ಯುರೋಪಿಯನ್ ಕಪ್ ಗೆದ್ದ ಲಿಬೆರೊ ಅರ್ಮಾಂಡೊ ಪಿಕ್ಕಿಗೆ ಯುವೆಂಟಸ್ ಕ್ಲಬ್ 1970ರಲ್ಲೇ ತಂಡ ಒಪ್ಪಿಸಿತು. ಕಾಯಿಲೆ ಬಿದ್ದು ಮರುವರ್ಷ ತೀರಿಕೊಂಡಾಗ ಅವರಿಗೆ 35. ಹಾಗೆಂದು ಕಣ್ಣು ಇದ್ದರೆ ಸಾಕು ಎನ್ನುವ ಹಾಗೂ ಇಲ್ಲ. ಹೆಚ್ಚುಕಡಿಮೆ ಇದೇ ಕೆಲಸ ಮಾಡಿ 1966ರಲ್ಲಿ ಇಂಗ್ಲೆಂಡಿಗೆ ಕಪ್ ಎತ್ತಿದ ಬಾಬಿ ಮೂರ್, ಸೌತೆಂಡ್ ಕ್ಲಬ್‌ನ ಮ್ಯಾನೇಜರ್ ಆಗಿ ಹೇಳಿಕೊಳ್ಳುವಂಥದ್ದು ಏನೂ ಮಾಡಲಾಗಲಿಲ್ಲ.

ಬೆಕೆನ್‌ಬಾವರ್ 1984ರಲ್ಲಿ ಪಶ್ಚಿಮ ಜರ್ಮನಿಯ ಹೊಣೆ ಹೊತ್ತಾಗ ಕೋಚಿಂಗ್ ಲೈಸೆನ್ಸ್ ಇರಲಿಲ್ಲ, ಹಾಗಾಗಿ ‘ಟೀಮ್‌ಶೆಫ್’ (ತಂಡದ ಮುಖ್ಯಸ್ಥ) ಎಂಬ ಹುದ್ದೆ. 1986ರ ವಿಶ್ವಕಪ್ ಫೈನಲ್‌ನಲ್ಲಿ ಅರ್ಜೆಂಟೀನಾದ ಮರಡೋನಾರನ್ನು ಹಿಡಿಯಲು ತಮ್ಮ ಅತ್ಯುತ್ತಮ ಮಿಡ್‌ಫೀಲ್ಡರ್ ಲೋಥರ್ ಮಥಾಯಸ್‌ರನ್ನು ಹಚ್ಚಿದರು. ಅಲ್ಲಿಗೆ ತಮ್ಮ ಆಟ ಕಟ್ಟುವವನೇ ಕಡಿಮೆಯಾದ ಹಾಗಾಯಿತು. 3–2ರಿಂದ ಸೋಲು. 1990ರ ಫೈನಲ್‌ಗೂ ಅರ್ಜೆಂಟೀನಾವೇ ಎದುರು. ಆಗ ಮರಡೋನಾ ಗಿಡೊ ಬುಖ್‌ವಾಲ್ಡ್ ಪಾಲಿಗೆ, ಸ್ವೀಪರ್ ಆಗಿ ಕ್ಲೌಸ್ ಔಗೆನ್‌ಥಾಲರ್, ಮಥಾಯಸ್ ಬಿಡುಬೀಸು. 85ನೇ ನಿಮಿಷದ ಆಂಡ್ರಿಯಾಸ್ ಬ್ರೆಹ್ಮೆ ಪೆನಾಲ್ಟಿಯಿಂದ 1–0 ಗೆಲುವು. ನಾಯಕನಾಗಿಯೂ ಮ್ಯಾನೇಜರ್ ಆಗಿಯೂ ವಿಶ್ವಕಪ್ ಗೆದ್ದ ಮೊದಲಿಗ ಬೆಕೆನ್‌ಬಾವರ್. ನಾಯಕತ್ವದ ಮಾತು ಬಿಟ್ಟು, ಬರೀ ಆಟಗಾರನಾಗಿ ಮತ್ತು ಕೋಚ್ ಆಗಿ ಗೆದ್ದವರಲ್ಲಿ ಬ್ರೆಜಿಲ್‌ನ ಮಾರಿಯೊ ಜಗಾಲೊ ಮೊದಲು.

1992ರಲ್ಲಿ ತನ್ನವರು ಕಾಲಿನಿಂದ ಬೇಕೆಂದೇ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಹಿಡಿಯಬಾರದು ಎಂಬ ನಿಯಮ ಬಂತು. ಕೀಪರ್‌ಗಳು ಕಾಲಾಟ ಕಲಿತರು, ಸ್ವೀಪರ್‌ನ ಅರ್ಧ ಕೆಲಸ ಅವರಿಗೇ ಹೋಯಿತು. 2014ರ ವಿಶ್ವಕಪ್‌ನಲ್ಲಿ ಅಲ್ಜೀರಿಯಾ ಎದುರು ಜರ್ಮನಿಯ ಕೀಪರ್ ಮ್ಯಾನುಯೆಲ್ ನೋಯರ್ ಪೆನಾಲ್ಟಿ ಬಾಕ್ಸ್ ಬಿಟ್ಟು ಹೊರಗೆ ಓಡಿಬಂದು ಚೆಂಡು ತೆಗೆದದ್ದು ಇದೇ.

ಮಂಗಳೂರಿನ ನೆಹರೂ ಮೈದಾನದಲ್ಲಿ ಹನ್ನೊಂದು ಜನರ ಪಂದ್ಯಕ್ಕೆ ಈಗ ಸ್ವೀಪರ್ ಇಡುವುದು ದಂಡ ಎನ್ನಬಹುದು, ಮಳೆಗಾಲ ಒಂದನ್ನು ಬಿಟ್ಟು. ಕೆಸರಿನಲ್ಲಿ ಉದ್ದದ ಪಾಸ್ ನೀರು ನಿಂತಲ್ಲಿ ಗಕ್ಕನೆ ನಿಲ್ಲುತ್ತದೆ, ಓಡಿಬಂದ ಸ್ಟಾಪರ್ ಜಾರಿ ಚೆಂಡನ್ನು ದಾಟಿ ಹೋಗುತ್ತಾನೆ. ಆಗ ಹಿಂದೆ ಒಬ್ಬ ಬೇಕೇ ಬೇಕು. ಆಫ್‌ಸೈಡ್ ಇಟ್ಟುಕೊಳ್ಳದ ಫೈವ್ಸ್, ಸೆವೆನ್ಸ್ ಟರ್ಫ್ ಪಂದ್ಯಗಳಲ್ಲಂತೂ ಸ್ವೀಪರ್ ಇಂದಿಗೂ ಲಾಭವೇ. ಪುಕ್ಕಟೆ ಜಾಗದ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಆ ಜಾಗಕ್ಕೆ ತಂಡದ ಅತಿ ನಿಧಾನದವನನ್ನು ತಳ್ಳುವುದು ನಮ್ಮಲ್ಲಿ ಮಾಮೂಲು. ಅಲ್ಲಿ ಬೇಕಾದದ್ದು ಎರಡೂ ಕಾಲಿನಲ್ಲಿ ಪಾಸ್ ಕೊಡುವವನು, ಬಾಯಿ ಬಿಟ್ಟು ಕೂಗುವವನು.