ಮಳೆಕಾಡಿನ ಮಣ್ಣು: ನೀರಿದ್ದೂ ಮರ ಬಾಡುವುದೇಕೆ?

ಮಣ್ಣಿನ ತೇವ ಶೇಕಡಾ ಎಷ್ಟು ಎಂದು ಅಳೆದುಬಿಟ್ಟರೆ ಮರದ ಸ್ಥಿತಿ ತಿಳಿಯುವುದಿಲ್ಲ. ಆ ನೀರನ್ನು ಮಣ್ಣು ಎಷ್ಟು ಬಿಗಿಯಾಗಿ ಹಿಡಿದುಕೊಂಡಿದೆ ಎಂಬುದೂ ಬೇಕು. ಇದರ ಅಳತೆ ಮೆಗಾಪ್ಯಾಸ್ಕಲ್ ಎಂಬ ಒತ್ತಡದ ಮಾನ; ಅಂಕಿ ಸೊನ್ನೆಯಿಂದ ಕೆಳಗಿಳಿದಷ್ಟೂ ಹಿಡಿತ ಬಿಗಿ. ಜೋರು ಮಳೆಯ ನೀರು ಬಸಿದ ಮೇಲೆ ಸುಮಾರು −0.03, ಪಠ್ಯಪುಸ್ತಕಗಳು ಹೇಳುವ ಬಾಡುವ ಹಂತ −1.5. (ಈ −1.5 ಮುಖ್ಯವಾಗಿ ಸೂರ್ಯಕಾಂತಿ ಸಸಿಗಳಿಂದ ಬಂದ ಅಂಕಿ, ಎಲ್ಲ ಮರಗಳಿಗೂ ಗೆರೆ ಎಳೆದಂತೆ ಹೊಂದುವುದಿಲ್ಲ.) ಶೇ 10 ತೇವದ ಮರಳಿನಲ್ಲಿ ಬೇರಿಗೆ ನೀರು ಸಿಗಬಹುದು, ಶೇ 20 ತೇವದ ಜೇಡಿಯಲ್ಲಿ ಸಿಗದಿರಬಹುದು.

ಬರದ ಲೆಕ್ಕ

ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ. ಅಮೆಜಾನ್ ಕಾಡು ತಿಂಗಳಿಗೆ ಸುಮಾರು 100 ಮಿ.ಮೀ. ನೀರನ್ನು ಆವಿಯಾಗಿ ಬಿಡುತ್ತದೆ ಎಂದಿಟ್ಟುಕೊಳ್ಳುತ್ತಾರೆ. ಸೂತ್ರ: ಹಿಂದಿನ ತಿಂಗಳ ಬಾಕಿ + ಈ ತಿಂಗಳ ಮಳೆ − 100. ಉತ್ತರ ಸೊನ್ನೆ ಮೀರಿದರೆ ಸೊನ್ನೆ ಎಂದೇ ಬರೆಯಿರಿ, ಹೆಚ್ಚಿನ ನೀರು ಹರಿದುಹೋಯಿತೆಂದು ಅರ್ಥ.

ಬಾಕಿ ಸೊನ್ನೆಯಿಂದ ಶುರು. ಮಳೆ 60, 30, 20, 80, 150 ಮಿ.ಮೀ. ಆದರೆ ಬಾಕಿ ಕ್ರಮವಾಗಿ −40, −110, −190, −210, −160. ಗರಿಷ್ಠ ಕೊರತೆ 210. ಐದನೆಯ ತಿಂಗಳು 100 ದಾಟಿತೆಂದು ಬಾಕಿಯನ್ನು ಅಳಿಸಬೇಡಿ, ತೀರಿದ್ದು 50 ಮಾತ್ರ. ಆರನೆಯ ತಿಂಗಳು 300 ಸುರಿದರೆ +40 ಬರುತ್ತದೆ, ಆಗ ಸೊನ್ನೆ.

ಈ ಲೆಕ್ಕಕ್ಕೆ ಮಣ್ಣಿನ ಆಳ ಕಾಣುವುದಿಲ್ಲ. ಪೂರ್ವ ಅಮೆಜಾನ್‌ನಲ್ಲಿ 8 ಮೀಟರ್‌ಗೂ ಕೆಳಗಿನ ಬೇರುಗಳು ಒಣ ತಿಂಗಳಲ್ಲಿ ನೀರೆಳೆಯುತ್ತವೆ. ಆದರೂ ಕೊರತೆ ವರ್ಷಗಟ್ಟಲೆ ಮುಂದುವರಿದರೆ ದೊಡ್ಡ ಮರಗಳಿಗೇ ಹೆಚ್ಚು ಪೆಟ್ಟು. ಬ್ರೆಜಿಲ್‌ನ ಕಶಿವಾನಾದಲ್ಲಿ ನೆಲಕ್ಕೆ ಬೀಳುವ ಮಳೆಯ ಸುಮಾರು ಅರ್ಧವನ್ನು ಪ್ಲಾಸ್ಟಿಕ್ ಹಾಳೆಗಳಿಂದ ತಡೆದಾಗ ಕಂಡದ್ದು ಇದೇ. ನೀರಿನ ನಾಳಗಳಲ್ಲಿ ಗಾಳಿ ಸೇರಿ ಹರಿವು ಕಡಿಯುವುದು ಮುಖ್ಯ ಕಾರಣವೆಂದು ಸಂಶೋಧಕರು ಕಂಡುಕೊಂಡರು.

ನೀರು ನಿಂತಾಗ

ಗಾಳಿಗಿಂತ ನೀರಿನಲ್ಲಿ ಆಮ್ಲಜನಕ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಉಸಿರುಕಟ್ಟಿದ ಬೇರು ನೀರು ಹೀರುವುದನ್ನು ತಗ್ಗಿಸುತ್ತದೆ, ಪತ್ರರಂಧ್ರಗಳು ಮುಚ್ಚುತ್ತವೆ, ಎಲೆ ಜೋಲುತ್ತದೆ. ಮೇಲ್ನೋಟಕ್ಕೆ ಥೇಟ್ ಬರವೇ!

30 ಸೆಂ.ಮೀ. ಅಗೆದು ನೋಡಿ. ಬೂದು-ನೀಲಿ ಮಣ್ಣು, ಬೇರಿನ ಜಾಡಿನಲ್ಲಿ ತುಕ್ಕುಬಣ್ಣದ ಗೆರೆ, ಕೆಲವೊಮ್ಮೆ ಕೊಳೆತ ಮೊಟ್ಟೆಯ ವಾಸನೆ ಇದ್ದರೆ ನೀರು ಬಹುಕಾಲ ನಿಲ್ಲುವ ಜಾಗ. ಸಣ್ಣ ಬೇರನ್ನು ಬೆರಳಲ್ಲಿ ಎಳೆಯಿರಿ: ಹೊರಸಿಪ್ಪೆ ಜಾರಿ ಒಳನಾರು ಉಳಿದರೆ ಬೇರು ಸತ್ತಿದೆ.

ತೀರ್ಮಾನಕ್ಕೆ ಮೊದಲು ಮರ ಯಾವುದೆಂದು ಗುರುತಿಸಿ. ಪಶ್ಚಿಮ ಘಟ್ಟದ ರಾಮಪತ್ರೆ ಜಡ್ಡಿಗಳ (ಜೌಗು ಕಾಡುಗಳ) ಮರಗಳು ಮೊಣಕಾಲಿನಂತೆ ಬಾಗಿದ ಬೇರುಗಳನ್ನು ನೀರಿನಿಂದ ಮೇಲೆತ್ತಿ ಗಾಳಿ ಪಡೆಯುತ್ತವೆ. ಅಲ್ಲಿ ಬೂದು ಮಣ್ಣು ರೋಗದ ಗುರುತಲ್ಲ. ದಿಬ್ಬದ ಜಾತಿಯ ಸಸಿಯನ್ನು ಅದೇ ತಗ್ಗಿನಲ್ಲಿ ನೆಟ್ಟರೆ ಉಳಿಯುವುದು ಕಷ್ಟ.