ದೂರು ಬಂದಿಲ್ಲ ಅಂದ್ರೆ ತೊಂದ್ರೆ ಇಲ್ಲ ಅಂತಲ್ಲ

ಪ್ರತಿ ವರ್ಷ ಯಾವುದಾದ್ರೂ ಒಂದು ಸ್ಥಳೀಯ ಮಾನವ ಹಕ್ಕುಗಳ ಆಯೋಗದವರು ವಾರ್ಷಿಕ ವರದಿ ತಂದು ನನ್ನ ಮುಂದೆ ಇಡ್ತಾರೆ. "ನೋಡಿ ಮೇಡಂ, ಹೊರಗಿನಿಂದ ಬಂದವರ ಕಡೆಯಿಂದ ಒಂದೂ ದೂರಿಲ್ಲ, ನಮ್ಮಲ್ಲಿ ಎಲ್ರೂ ಚೆನ್ನಾಗಿದಾರೆ." ಪಾಪ, ಒಳ್ಳೆ ಮನಸ್ಸಿನಿಂದಾನೇ ಹೇಳ್ತಾರೆ. ನಿಮ್ಮ ಆಫೀಸ್ ಎಲ್ಲಿದೆ ಅಂತ ಆ ಹೊರಗಿನವರಿಗೆ ಗೊತ್ತಾ ಅಂತ ಕೇಳಿದ್ರೆ ಒಬ್ಬರ ಮುಖ ಒಬ್ಬರು ನೋಡ್ತಾರೆ.

ಇದನ್ನ ಎಷ್ಟು ಸಲ ಹೇಳಿದೀನೋ ಲೆಕ್ಕವಿಲ್ಲ, ಆದ್ರೂ ಇನ್ನೊಂದ್ಸಲ. ದೂರಿನ ಸಂಖ್ಯೆ ನಿಮ್ಮೂರಲ್ಲಿ ತಾರತಮ್ಯ ಎಷ್ಟಿದೆ ಅಂತ ಹೇಳಲ್ಲ, ನಿಮ್ಮ ಮೇಲೆ ಜನಕ್ಕೆ ಎಷ್ಟು ನಂಬಿಕೆ ಇದೆ ಅಂತ ಹೇಳುತ್ತೆ. 2008ರಲ್ಲಿ ಯುರೋಪಿಯನ್ ಒಕ್ಕೂಟದ ಮೂಲಭೂತ ಹಕ್ಕುಗಳ ಸಂಸ್ಥೆ ವಲಸಿಗರನ್ನೂ ಅಲ್ಪಸಂಖ್ಯಾತರನ್ನೂ ಮನೆಮನೆಗೆ ಹೋಗಿ ಮಾತಾಡಿಸಿ ದೊಡ್ಡ ಸಮೀಕ್ಷೆ ಮಾಡ್ತು. ತಾರತಮ್ಯ ಅನುಭವಿಸಿದೀವಿ ಅಂದವರಲ್ಲಿ 82 ಶೇಕಡಾ ಮಂದಿ ಅದನ್ನ ಎಲ್ಲೂ ವರದಿ ಮಾಡಿರಲಿಲ್ಲ. ಹೇಳ್ಕೊಂಡು ಏನಾಗುತ್ತೆ ಅನ್ನೋದು ಬಹಳ ಜನ ಕೊಟ್ಟ ಕಾರಣ. ಹಾಗಾಗಿ ನಿಮ್ಮ ಕಡತದಲ್ಲಿ ಸೊನ್ನೆ ಇದ್ರೆ ಖುಷಿಪಡ್ಬೇಡಿ, ಸ್ವಲ್ಪ ಭಯಪಡಿ.

ನನ್ನ ಕಣ್ಣೆದುರೇ ನಡೆದಿದ್ದು ಒಂದಿದೆ. ಬಾಡಿಗೆ ಮನೆ ವಿಷಯಕ್ಕೆ ದೂರು ಕೊಡೋಕೆ ಒಬ್ಬ ಹೆಂಗಸು ನಮ್ಮ ಆಫೀಸಿಗೆ ಬಂದಿದ್ರು, ಜೊತೆಗೆ ಮಗ, ಎಂಟೊಂಬತ್ತು ವರ್ಷ ಇರಬಹುದು. ಭಾಷೆ ಬರೋದು ಅವನಿಗೆ ಮಾತ್ರ, ಅಮ್ಮ ಹೇಳಿದ್ದನ್ನ ಅವನೇ ನಮಗೆ ಹೇಳ್ಬೇಕು. ಓನರ್ ಅಂದಿದ್ದು ಏನಪ್ಪಾ ಅಂತ ಕೇಳಿದ್ರೆ ಅವನು ತಲೆ ತಗ್ಗಿಸ್ಕೊಂಡು "ಕೆಟ್ಟ ಮಾತು" ಅಂದ, ಅಷ್ಟೇ. ಹೆಂಗೋ ಫಾರಂ ತುಂಬೋಕೆ ಶುರು ಮಾಡಿದ್ವಿ, ವಿಳಾಸದ ಕಾಲಂ ಬಂತು, ಅಲ್ಲಿ ಆಯಮ್ಮನ ಪೆನ್ನು ನಿಂತ್ಹೋಯ್ತು. ಪತ್ರ ಮನೆಗೆ ಬರುತ್ತಾ ಅಂತ ಮಗನ ಕೈಲಿ ಕೇಳಿಸಿದ್ರು. ಬರುತ್ತೆ, ಆಫೀಸಿನ ಸೀಲ್ ಇರೋ ಕವರಲ್ಲಿ ಸ್ವೀಕೃತಿ ಬರುತ್ತೆ, ನಾವು ಹೆಮ್ಮೆಯಿಂದ ಹೇಳಿದ್ವಿ. ಆ ಮನೆಗೂ ಓನರ್ ಮನೆಗೂ ಇರೋದು ಒಂದೇ ಟಪಾಲು ಡಬ್ಬಿ, ಅದರ ಬೀಗದ ಕೈ ಓನರ್ ಹತ್ರ. ಆಯಮ್ಮ ಫಾರಂ ಮಡಚಿ ಬ್ಯಾಗಲ್ಲಿಟ್ಕೊಂಡು ಹೋದವರು ಮತ್ತೆ ಬರ್ಲಿಲ್ಲ. ನಮ್ಮ ರಿಜಿಸ್ಟರಲ್ಲಿ ಆ ದಿನ ದೂರು: ಇಲ್ಲ.

ಆವತ್ತಿಂದ ನಾನು ಆಯೋಗದವರಿಗೆ ಮೊದಲು ಹೇಳೋದು ಫಾರಂ ಬದಲಾಯಿಸಿ ಅಂತ. ಉತ್ತರ ಎಲ್ಲಿಗೆ, ಹೇಗೆ, ಯಾವ ಹೊತ್ತಲ್ಲಿ ತಲುಪಿಸಿದ್ರೆ ನಿಮಗೆ ತೊಂದ್ರೆ ಇಲ್ಲ ಅಂತ ಒಂದು ಸಾಲು ಸೇರಿಸಿ, ಬಾಯಲ್ಲಿ ಹೇಳಿದ ದೂರನ್ನೂ ಬರ್ಕೊಳ್ಳಿ, ದುಭಾಷಿಗೆ ದುಡ್ಡು ಕೊಟ್ಟು ಕರೆಸಿ, ಮಕ್ಕಳ ಕೈಲಿ ಮಾಡಿಸ್ಬೇಡಿ. ದೂರು ಕೊಡೋಕೆ ಇರೋ ಗಡುವನ್ನಂತೂ ಅವರು ಬಂದ ದಿನಾನೇ ತಿಳಿಸಿ. ಭಾರತದ 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲಿ ಘಟನೆ ನಡೆದು ಒಂದು ವರ್ಷ ದಾಟಿದ್ರೆ ಆಯೋಗ ವಿಚಾರಣೆ ಮಾಡೋ ಹಾಗಿಲ್ಲ, ಅಮೆರಿಕದ ವಸತಿ ಇಲಾಖೆಗೆ ಕೊಡೋ ತಾರತಮ್ಯದ ದೂರಿಗೂ ಒಂದೇ ವರ್ಷ. ಹೊಸಬರಿಗೆ ಊರಿನ ದಾರಿ ಗೊತ್ತಾಗೋ ಅಷ್ಟರಲ್ಲಿ ಅದು ಮುಗಿದಿರುತ್ತೆ.

ಎರಡನೇದು, ಕಾಯ್ತಾ ಕೂರೋದು ಬಿಡಿ. 1993ರಲ್ಲಿ ವಿಶ್ವಸಂಸ್ಥೆ ಮಹಾಸಭೆ ಒಪ್ಪಿದ ಪ್ಯಾರಿಸ್ ತತ್ವಗಳಲ್ಲಿ, ಅಂದ್ರೆ ಮಾನವ ಹಕ್ಕು ಆಯೋಗಗಳು ಹೇಗಿರಬೇಕು ಅನ್ನೋ ಮಾರ್ಗಸೂಚಿಯಲ್ಲಿ, ಯಾರೂ ಅರ್ಜಿ ಕೊಡದಿದ್ರೂ ಆಯೋಗದ ಸದಸ್ಯರ ಸೂಚನೆ ಮೇಲೇ ವಿಷಯ ಕೈಗೆತ್ತಿಕೊಳ್ಳಬಹುದು ಅಂತಿದೆ, ಬರೆದಿದ್ದು ರಾಷ್ಟ್ರೀಯ ಆಯೋಗಗಳಿಗೆ, ಸ್ಥಳೀಯರು ಅನುಸರಿಸಿದ್ರೆ ಯಾರೂ ಬೇಡ ಅನ್ನಲ್ಲ. ಬಾಡಿಗೆ ಮನೆ ಕೊಡೋದ್ರಲ್ಲಿ ತಾರತಮ್ಯ ಇದೆಯಾ ಅಂತ ನೋಡೋಕೆ ಟೆಸ್ಟಿಂಗ್ ಅಂತ ಇದೆ, ಒಂದೇ ಸಂಬಳ, ಒಂದೇ ಥರದ ಕುಟುಂಬ, ಹೆಸರು ಮಾತ್ರ ಬೇರೆ ಇರೋ ಇಬ್ಬರನ್ನ ಒಂದೇ ಮನೆ ಕೇಳೋಕೆ ಕಳಿಸೋದು. ಒಬ್ಬರಿಗೆ "ಬನ್ನಿ ನೋಡಿ", ಇನ್ನೊಬ್ಬರಿಗೆ "ಈಗಷ್ಟೇ ಹೋಯ್ತು". ಹೀಗೆ ಸುಳ್ಳು ಹೇಳಿಸ್ಕೊಂಡ ಟೆಸ್ಟರ್ ಕೂಡ ಕೋರ್ಟಿಗೆ ಹೋಗಬಹುದು ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಆದ್ರೆ ನಿಮ್ಮ ಕಾನೂನು ಇದಕ್ಕೆ ಎಷ್ಟು ಜಾಗ ಕೊಡುತ್ತೆ, ಕರೆ ರೆಕಾರ್ಡ್ ಮಾಡಬಹುದಾ, ಇದನ್ನೆಲ್ಲ ವಕೀಲರನ್ನ ಕೇಳದೆ ನನ್ನ ಮಾತು ನಂಬ್ಕೊಂಡು ಇಳೀಬೇಡಿ.

ವೈವಿಧ್ಯ ದಿನಾಚರಣೆ ಬಗ್ಗೆ ಜಾಸ್ತಿ ಹೇಳಲ್ಲ. ಮಾಡಿ, ಚೆನ್ನಾಗಿರುತ್ತೆ, ನಾನೂ ಬಂದು ಚಪ್ಪಾಳೆ ತಟ್ತೀನಿ. ಆದ್ರೆ ಬಜೆಟ್ ಪೂರ್ತಿ ಶಾಮಿಯಾನಕ್ಕೆ ಹೋಗಿ ದುಭಾಷಿಗೆ ದುಡ್ಡಿಲ್ಲ ಅಂದ್ರೆ ಮಾತ್ರ ಕೋಪ ಬರುತ್ತೆ.

ಫಾರಂ ಬದಲಾಯಿಸಿದ ಒಂದು ಆಯೋಗದ ಅಧ್ಯಕ್ಷರು ಕೆಲವು ತಿಂಗಳಾದ್ಮೇಲೆ ಗಾಬರಿಯಿಂದ ಫೋನ್ ಮಾಡಿದ್ರು. "ಮೇಡಂ, ದೂರು ಬರೋಕೆ ಶುರುವಾಗಿಬಿಟ್ಟಿದೆ, ವರದೀಲಿ ಹೆಂಗೆ ತೋರಿಸೋದು?" ಇದ್ದ ಹಾಗೇ ತೋರಿಸಿ ಅಂದೆ.